ಹಳ್ಳ ದಾಟಿ ಬಂದ ಪಿಕಪ್: ತೊಳೆದರಷ್ಟೇ ಸಾಲದು

ಮಲೆನಾಡಿನಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಕಾಲವೂ ಮಳೆಗಾಲವೂ ಒಂದೇ. ಕೊಳೆರೋಗ ಮಳೆಯ ಬೆನ್ನಿಗೇ ಬರುತ್ತದೆ. ಹಾಗಾಗಿ ಡ್ರಮ್ಮು, ಪಂಪು, ಪೈಪು ಹೇರಿಕೊಂಡು, ಪಕ್ಕದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರನ್ನು ಕೂರಿಸಿಕೊಂಡು ಪಿಕಪ್ ತೋಟಕ್ಕೆ ಇಳಿಯುವುದು ದಾರಿ ಅತಿ ಕೆಟ್ಟಿರುವ ಹೊತ್ತಿನಲ್ಲೇ. ಒಂದು ಕಡೆ ಮೊಣಕಾಲುದ್ದದ ಕೆಸರು, ಇನ್ನೊಂದು ಕಡೆ ಬೇಸಿಗೆಯಲ್ಲಿ ಬಟ್ಟಲು ನೀರೂ ಇರದ ಹಳ್ಳ ಈಗ ಬಂಪರ್ ಮುಟ್ಟುವಷ್ಟು.

ಸಂಜೆ ಮನೆಗೆ ಬಂದ ಮೇಲೆ ನಾವು ಮಾಡುವುದೇನು? ಪೈಪ್ ಹಿಡಿದು ಬಾಗಿಲು, ಬಾನೆಟ್, ಗಾಜು ತೊಳೆದು ಊಟಕ್ಕೆ ಏಳುವುದು. ನಿಜ ಹೇಳಬೇಕೆಂದರೆ ಕಣ್ಣಿಗೆ ಕಾಣುವ ಕೆಸರು ಪಾಪದ್ದು. ದುಡ್ಡು ಕೀಳುವುದು ಕಾಣದ ಹಾಗೆ ಒಳಗೆ ಹೊಕ್ಕ ನೀರು. ಅದೂ ಅವತ್ತೇ ಅಲ್ಲ, ಹದಿನೈದು ದಿನ ಬಿಟ್ಟು.

ನೀರು ಒಳಗೆ ಹೋಗುವುದು ಹೇಗೆ ಎಂದು ತಿಳಿದರೆ ಮುಂದಿನ ಕೆಲಸ ಸುಲಭ. ಬಿಸಿ ಅನ್ನದ ಡಬ್ಬಿಗೆ ಮುಚ್ಚಳ ಹಾಕಿ ಆರಲು ಬಿಟ್ಟರೆ, ಆಮೇಲೆ ಮುಚ್ಚಳ ಕಚ್ಚಿಕೊಂಡು ಬಿಡುವುದೇ ಇಲ್ಲ ಅಲ್ವಾ? ಇಲ್ಲಿ ಆಗುವುದೂ ಅದೇ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಗಾಡಿಯ ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಚಕ್ರದ ಹಬ್ ಎಲ್ಲ ಬಿಸಿಯಾಗಿರುತ್ತವೆ. ತಣ್ಣನೆಯ ಹಳ್ಳಕ್ಕೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಎಲ್ಲಿ ಸಂದು ಸಿಕ್ಕಿದರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ನೀರು, ಹಾಗಾಗಿ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಸೀಲ್ ಸ್ವಲ್ಪ ಹಳೆಯದಾಗಿದ್ದರೆ ಮುಗಿಯಿತು.

ಮೊದಲು: ಗಾಡಿ ನಿಲ್ಲಿಸುವ ಮುಂಚೆ

ಹಳ್ಳ ದಾಟಿದ ಮೇಲೆ ಗಟ್ಟಿ ರಸ್ತೆ ಸಿಕ್ಕಿದಾಗ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ನಾಲ್ಕಾರು ಸಲ ಒತ್ತಿ. ಒದ್ದೆ ಲೈನರ್ ಬಿಸಿಯಾಗಿ ಒಣಗುತ್ತದೆ. ಬ್ರೇಕ್ ಮೊದಲಿನ ಹಾಗೆ ಹಿಡಿಯುವವರೆಗೆ ವೇಗ ಬೇಡ.

ಮನೆ ಮುಂದೆ ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನಾನು ಈ ಪಾಠ ಕಲಿತಿದ್ದು ಒಂದು ಶ್ರಾವಣದಲ್ಲಿ. ಚಕ್ರದ ಬ್ರೇಕ್ ಡ್ರಮ್ಮು ಒದ್ದೆ ಇದ್ದಾಗಲೇ ಹ್ಯಾಂಡ್ ಬ್ರೇಕ್ ಹಾಕಿ ಮೂರು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೇ ಅಂಟಿಕೊಂಡಿತ್ತು. ಲಿವರ್ ಕೆಳಗೆ ಇಳಿಸಿದರೂ ಹಿಂದಿನ ಚಕ್ರ ತಿರುಗಲೊಲ್ಲದು. ಕೊನೆಗೆ ಚಕ್ರ ಬಿಚ್ಚಿ, ಡ್ರಮ್ಮಿಗೆ ಸುತ್ತಲೂ ಸುತ್ತಿಗೆಯಲ್ಲಿ ಹದವಾಗಿ ತಟ್ಟಿ ಬಿಡಿಸಬೇಕಾಯಿತು.

ತೊಳೆಯುವುದು ಕೆಳಗಿನಿಂದ

ಅರ್ಧ ಗಂಟೆ ಆರಲು ಬಿಡಿ. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುವುದುಂಟು. ಆದರೆ ನಾಳೆ ನೋಡೋಣ ಎನ್ನಬೇಡಿ. ನಮ್ಮ ಕೆಂಪು ಮಣ್ಣು ಹಸಿ ಇದ್ದಾಗ ಬೆಣ್ಣೆ, ಒಣಗಿದ ಮೇಲೆ ಗಾರೆ.

ಮನೆಯಲ್ಲಿ ಔಷಧಿ ಹೊಡೆಯುವ ಪಂಪೇ ಇದೆಯಲ್ಲ, ಅದರಲ್ಲೇ ತೊಳೆಯಬಹುದು. ಮೊದಲು ಬರೀ ನೀರು ಓಡಿಸಿ ಪೈಪಿನಲ್ಲಿ ಉಳಿದ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಔಷಧಿ) ಹೊರಹಾಕಿ. ಚಕ್ರದ ಗೂಡಿನ ಒಳಭಾಗ, ಚಾಸಿಯ ಒಳಮೂಲೆಗಳು, ಲೀಫ್ ಸ್ಪ್ರಿಂಗ್ ಪಟ್ಟಿಗಳ ಸಂದು, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಇವಿಷ್ಟು ಮೊದಲು. ಚಾಸಿಯಲ್ಲಿ ನೀರು ಇಳಿಯಲೆಂದೇ ಸಣ್ಣ ತೂತುಗಳಿವೆ. ಅವು ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ಕೆಳಗಿನಿಂದ ತಿಳಿನೀರು ಬರುವವರೆಗೆ ಬಿಡಬೇಡಿ. ಬಾಗಿಲು, ಬಾನೆಟ್ ಕೊನೆಗೆ.

ಜೋರು ನೀರನ್ನು ನೇರವಾಗಿ ಹಿಡಿಯಬಾರದ ಜಾಗಗಳೂ ಇವೆ. ಹಬ್‌ನ ಸೀಲ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ವೈರಿನ ಕನೆಕ್ಟರ್‌ಗಳು, ಫ್ಯೂಸ್ ಬಾಕ್ಸ್. ಹಳ್ಳದಲ್ಲಿ ಹೋಗದ ನೀರನ್ನು ನಾವೇ ಒತ್ತಿ ತುಂಬಿದ ಹಾಗಾಗುತ್ತದೆ. ರೇಡಿಯೇಟರ್‌ಗೂ ಅಷ್ಟೇ. ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಮುಂದಿನಿಂದ ಹೊಡೆದರೆ ಕೆಸರು ಇನ್ನೂ ಒಳಗೆ ಹೋಗಿ ಕೂರುತ್ತದೆ. ಅರ್ಧ ಮುಚ್ಚಿದ ರೇಡಿಯೇಟರ್ ಇಟ್ಟುಕೊಂಡು ಲೋಡ್ ಹಾಕಿ ಘಾಟಿ ಹತ್ತಿಸಿ ನೋಡಿ, ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಹೋಗುವುದು ಗೊತ್ತಾಗುತ್ತದೆ.

ಸಾಮಾನು ಹೇರುವ ಹಿಂದಿನ ತೊಟ್ಟಿಯ ಬಗ್ಗೆ ಒಂದು ಮಾತು. ಬೋರ್ಡೋ ಸರಿಯಾಗಿದೆಯೇ ಎಂದು ಹಿರಿಯರು ಕತ್ತಿ ಅದ್ದಿ ನೋಡುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತಿದೆ ಎಂದೇ ಅದರ ಅರ್ಥ. ಬಣ್ಣ ಕೆರೆದುಹೋದ ತೊಟ್ಟಿಯ ತಳಕ್ಕೆ ಮೈಲುತುತ್ತಿನ ನೀರು ಚೆಲ್ಲಿದರೆ ಅಲ್ಲೂ ಅದೇ ಕತೆ. ಹಾಸಿದ ರಬ್ಬರ್ ಮ್ಯಾಟ್ ಎತ್ತಿ ಅಡಿಯಲ್ಲೂ ತೊಳೆಯಿರಿ.

ಬಾನೆಟ್ ಎತ್ತಿ

ಏರ್ ಫಿಲ್ಟರ್ ಡಬ್ಬ ಬಿಚ್ಚಿ. ಫಿಲ್ಟರ್‌ಗಿಂತ ಮೊದಲು ಡಬ್ಬದ ತಳಕ್ಕೆ ಬೆರಳು ಆಡಿಸಿ ನೋಡಿ. ಒಣ ಧೂಳಿದ್ದರೆ ಚಿಂತೆಯಿಲ್ಲ. ನುಣ್ಣನೆಯ ಕೆಸರಿನ ಪದರ ಬೆರಳಿಗೆ ಅಂಟಿದರೆ ನೀರು ಅಲ್ಲಿಯವರೆಗೆ ಏರಿತ್ತು ಎಂದು ಲೆಕ್ಕ. ಕಾಗದದ ಫಿಲ್ಟರ್ ಒದ್ದೆಯಾಗಿದ್ದರೆ ಒಲೆ ಹತ್ತಿರ ಒಣಗಿಸಿ ಮತ್ತೆ ಹಾಕುವ ಜಾಣತನ ಬೇಡ, ಹೊಸತು ತನ್ನಿ.

ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಕಪ್ಪಗಿದ್ದರೆ ಸಹಜ, ಡೀಸೆಲ್ ಎಂಜಿನ್ ಅಲ್ವಾ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ, ಇಲ್ಲವೇ ಆಯಿಲ್ ಮಟ್ಟ ಇದ್ದಕ್ಕಿದ್ದಂತೆ ಮೇಲೆ ಬಂದಿದ್ದರೆ ನೀರು ಸೇರಿದೆ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಡೀಸೆಲ್ ಫಿಲ್ಟರ್ ತಳದಲ್ಲಿ ನೀರು ಬಿಡುವ ಸ್ಕ್ರೂ ಇದ್ದರೆ ಸ್ವಲ್ಪ ಸಡಿಲಿಸಿ, ಗಾಜಿನ ಲೋಟಕ್ಕೆ ಹಿಡಿದು ನೋಡಿ. ಡೀಸೆಲ್ ಮೇಲೆ, ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಗಾಡಿ ನೀರಿನ ನಡುವೆಯೇ ಆಫ್ ಆಗಿದ್ದರೆ ಮಾತೇ ಬೇರೆ. ಆಗ ಕೀ ಮುಟ್ಟಲೇಬಾರದು. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರ್‌ನಲ್ಲಿ ನೀರಿದ್ದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡುವುದೂ ಅಷ್ಟೇ ಕೆಟ್ಟದ್ದು. ನ್ಯೂಟ್ರಲ್‌ಗೆ ಹಾಕಿ ಎಳೆಸಿ, ಬ್ಯಾಟರಿಯ ಟರ್ಮಿನಲ್ ತೆಗೆಯಿರಿ. ನೀರಿನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಕೆಟ್ಟ ಎಂಜಿನ್‌ಗೆ ಸಾದಾ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಎಂಜಿನ್‌ಗೆಂದು ಪ್ರತ್ಯೇಕ ರಕ್ಷಣೆ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ಓದಿಕೊಳ್ಳಿ.

ಆಕ್ಸಲ್ ಆಯಿಲ್: ಹೆಚ್ಚಿನವರು ಮರೆಯುವುದು ಇದನ್ನೇ

ಹಬ್ ಮುಳುಗುವಷ್ಟು ನೀರು ದಾಟಿದ್ದರೆ ಹಿಂದಿನ ಆಕ್ಸಲ್ಲಿನ ಕ್ರೌನ್ ಹೌಸಿಂಗ್ (ನಡುವೆ ಗೇರ್ ಇರುವ ಉಬ್ಬಿದ ಗೂಡು) ನೋಡಲೇಬೇಕು. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನದನ್ನೂ. ಕೆಲಸ ಕಷ್ಟದ್ದಲ್ಲ. ರಾತ್ರಿಯಿಡೀ ಗಾಡಿಯನ್ನು ಮಟ್ಟದ ಜಾಗದಲ್ಲಿ ಅಲ್ಲಾಡಿಸದೆ ನಿಲ್ಲಿಸಿ. ನೀರು ಆಯಿಲ್‌ಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಮೊದಲು ಮೇಲಿನ ಬೋಲ್ಟ್, ಅಂದರೆ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ? ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಆಮೇಲೆ ಕೆಳಗಿನ ಬೋಲ್ಟನ್ನು ನಿಧಾನವಾಗಿ, ತೊಟ್ಟಿಕ್ಕುವಷ್ಟು ಮಾತ್ರ ಸಡಿಲಿಸಿ ಬಟ್ಟಲು ಹಿಡಿಯಿರಿ. ಬರೀ ಆಯಿಲ್ ಬಂದರೆ ಬಿಗಿ ಮಾಡಿ, ಮೇಲೆ ಮಟ್ಟ ಸರಿ ಮಾಡಿ ಮುಚ್ಚಿ. ಮೊದಲು ನೀರಿನ ಹನಿ ಬಂದರೆ, ಇಲ್ಲವೇ ಆಯಿಲ್ ಬೆಳ್ಳಗೆ ಮಜ್ಜಿಗೆಯ ಹಾಗೆ ಬಂದರೆ ಪೂರ್ತಿ ಬಸಿದು ಹೊಸತು ಹಾಕಿ. ಯಾವ ಗ್ರೇಡ್ ಎಂದು ಗಾಡಿಯ ಪುಸ್ತಕದಲ್ಲಿದೆ. ನೀರು ಬೆರೆತ ಆಯಿಲ್‌ನಲ್ಲಿ ಕ್ರೌನ್ ಮತ್ತು ಪಿನಿಯನ್ ಗೇರುಗಳನ್ನು ತಿರುಗಿಸುತ್ತಾ ಹೋದರೆ ಮೊದಲು ಉಂಯ್ ಎಂಬ ಸದ್ದು, ಆಮೇಲೆ ದೊಡ್ಡ ಬಿಲ್ಲು.

ಆಕ್ಸಲ್ ಮೇಲೆ ಬೆರಳಿನ ಗಾತ್ರದ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಬಾಯಿ, ಒಂದು ಇರುತ್ತದೆ. ಅದು ಕೆಸರಿನಲ್ಲಿ ಕಟ್ಟಿಕೊಂಡರೆ ಒಳಗಿನ ಗಾಳಿಗೆ ಬೇರೆ ದಾರಿಯಿಲ್ಲ, ಸೀಲನ್ನೇ ಹಿಡಿಯುತ್ತದೆ. ಬಿಚ್ಚಿ ತೊಳೆದು ಊದಿ ಹಾಕಿ. ಪದೇ ಪದೇ ಹಳ್ಳ ದಾಟುವವರು ಅದಕ್ಕೊಂದು ಉದ್ದದ ಪೈಪ್ ಹಾಕಿಸಿ ಚಾಸಿಗಿಂತ ಮೇಲಕ್ಕೆ ಒಯ್ದು ಕಟ್ಟಿಸಿದರೆ ಖರ್ಚು ತೀರಾ ಕಡಿಮೆ. ನನ್ನ ಮಟ್ಟಿಗೆ ಮಲೆನಾಡಿನ ಪಿಕಪ್‌ಗೆ ಫಾಗ್ ಲೈಟ್‌ಗಿಂತ ಇದು ಮುಖ್ಯ.

ಇನ್ನು ಗ್ರೀಸ್. ಹಿಂದಿನ ಆಕ್ಸಲ್ಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ, ಸ್ಪ್ರಿಂಗ್ ಪಿನ್ನುಗಳಿಗೆ, ಗ್ರೀಸ್ ತುಂಬುವ ನಿಪ್ಪಲ್ ಇರುವ ಕಡೆಯೆಲ್ಲ ಗನ್ನಿನಲ್ಲಿ ಗ್ರೀಸ್ ಹೊಡೆಯಿರಿ. ನಿಪ್ಪಲ್‌ನ ಬಾಯಿ ಒರೆಸದೆ ಹೊಡೆದರೆ ಮರಳನ್ನೂ ಜೊತೆಗೇ ತಳ್ಳುತ್ತೀರಿ. ಹಳೆಯ ಕೊಳಕು ಗ್ರೀಸ್ ಹೊರಬಂದು, ಹಿಂದೆಯೇ ಹೊಸತು ಇಣುಕುವವರೆಗೆ ಒತ್ತಿ. ಬ್ರೇಕ್ ಡ್ರಮ್ ಬಿಚ್ಚಿ ಒಳಗಿನ ಕೆಸರನ್ನು ಬರೀ ನೀರಿನಲ್ಲಿ ತೊಳೆದು ಒಣಗಿಸಿ. ಡೀಸೆಲ್ ಹಾಕಿ ತೊಳೆಯಬೇಡಿ, ಲೈನರ್ ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ.

ಎಲ್ಲ ಒಣಗಿದ ಮೇಲೆ ಗಾಡಿಯ ಅಡಿಭಾಗಕ್ಕೆ ಸುಟ್ಟ ಆಯಿಲ್ ಹೊಡೆಯುವ ಪದ್ಧತಿ ನಮ್ಮಲ್ಲಿ ಜಾಸ್ತಿ. ತುಕ್ಕು ತಡೆಯುತ್ತದೆ ನಿಜ. ಆದರೆ ರಬ್ಬರ್ ಬುಷ್‌ಗಳು ಎಣ್ಣೆ ಕುಡಿದು ಉಬ್ಬುತ್ತವೆ, ತೊಟ್ಟಿಕ್ಕಿದ್ದು ಅಂಗಳದ ಮಣ್ಣಿಗೆ, ಅಲ್ಲಿಂದ ಬಾವಿಗೆ. ಅದಕ್ಕೆಂದೇ ಸಿಗುವ ಅಂಡರ್‌ಬಾಡಿ ಕೋಟಿಂಗನ್ನು ಬೇಸಿಗೆಯಲ್ಲಿ, ಲೋಹ ಚೆನ್ನಾಗಿ ಒಣಗಿರುವಾಗ ಹೊಡೆಸಿ. ಒದ್ದೆಯ ಮೇಲೆ ಹೊಡೆಸಿದರೆ ತುಕ್ಕಿಗೆ ಹೊದಿಕೆ ಹಾಕಿದಂತೆ.

ಕ್ಯಾಬಿನ್ನಿನ ಕಾರ್ಪೆಟ್ ಎತ್ತಿ ಅಡಿಯ ಫೋಮ್ ಒತ್ತಿ ನೋಡಿ. ನೀರು ಬಂದರೆ ಹೊರಗೆ ತೆಗೆದು ಒಣಗಿಸಿ. ಕೆಲವು ಗಾಡಿಗಳಲ್ಲಿ ವೈರಿಂಗ್ ಹೋಗುವುದೇ ಅದರ ಅಡಿಯಲ್ಲಿ.

ಮುಂದಿನ ಹದಿನೈದು ದಿನ

ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಆಲ್ಟರ್ನೇಟರ್‌ನಲ್ಲಿ ಕೆಸರು ಕೂತಿರಬಹುದು. ಕ್ಲಚ್ ಬಿಡುವಾಗ ಗಾಡಿ ನಡುಗಿದರೆ ಕ್ಲಚ್ ಹೌಸಿಂಗ್‌ಗೆ ಮಣ್ಣು ಹೋಗಿರಬಹುದು. ಬೇರಿಂಗ್ ಮಾತ್ರ ಸದ್ದು ಮಾಡುವ ಹೊತ್ತಿಗೆ ಅರ್ಧ ಕೆಟ್ಟಿರುತ್ತದೆ, ಅದನ್ನು ನಾವೇ ಹುಡುಕಬೇಕು. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಸಡಿಲವಾಗಿದೆ. ತಿರುಗಿಸಿದಾಗ ಮರಳು ಅರೆದ ಹಾಗೆ ಕೇಳಿಸಿದರೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಬೇಕು.

ಜಾಕ್ ಹಾಕುವಷ್ಟು ಪುರುಸೊತ್ತು ಇಲ್ಲದಿದ್ದರೆ ಇಷ್ಟಾದರೂ ಮಾಡಿ. ಪೇಟೆಗೆ ಹತ್ತು ಕಿಲೋಮೀಟರ್ ಹೋಗಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಇಳಿದು ಎರಡು ಮುಂದಿನ ಹಬ್‌ಗಳ ಹತ್ತಿರ, ಆಮೇಲೆ ಎರಡು ಹಿಂದಿನವುಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಜೋಡಿಯಲ್ಲಿ ಎರಡೂ ಒಂದೇ ಥರ ಬೆಚ್ಚಗಿದ್ದರೆ ಸಂತೆ ಮುಗಿಸಿ ಬನ್ನಿ. ಒಂದರ ಬಿಸಿ ಮಾತ್ರ ಕೈಗೆ ರಾಚಿದರೆ, ಚೀಲ ಅಲ್ಲೇ ಇಟ್ಟು ಮೊದಲು ಗ್ಯಾರೇಜಿಗೆ.