100 ವೋಲ್ಟ್ ಸಿಂಥ್, 230 ವೋಲ್ಟ್ ಲೈನ್: ನಾನು ಅನುಸರಿಸುವ ಕ್ರಮ

ಹೊರದೇಶದ ಸಿಂಥ್ (ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ) ಅಥವಾ ಡ್ರಮ್ ಮಷೀನ್ ಬಂದರೆ ಮೊದಲು ಹಿಂಬದಿಯ ರೇಟಿಂಗ್ ಪಟ್ಟಿ ಓದುತ್ತೇನೆ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಒಳಗಿರುವುದು ಎಸ್‌ಎಂಪಿಎಸ್, ಅಂದರೆ ಲೈನಿನ ವೋಲ್ಟೇಜಿಗೆ ತಾನೇ ಹೊಂದಿಕೊಳ್ಳುವ ಪವರ್ ಸಪ್ಲೈ. ಪವರ್ ಕಾರ್ಡ್ ಬದಲಿಸಿದರೆ ಮುಗಿಯಿತು. ಹೊರಗಿನ ಅಡಾಪ್ಟರಿನಲ್ಲಿ ನಡೆಯುವಂಥದ್ದಾದರೆ ಅಡಾಪ್ಟರನ್ನೇ ಬದಲಿಸುತ್ತೇನೆ. ವೋಲ್ಟೇಜ್, ಪೊಲಾರಿಟಿ (ಪ್ಲಸ್, ಮೈನಸ್ ಯಾವ ಕಡೆ ಎಂಬುದು) ಎರಡೂ ಹೊಂದಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಔಟ್‌ಪುಟ್ ಎಸಿಯೋ ಡಿಸಿಯೋ ಎಂದು ಮತ್ತೊಮ್ಮೆ ನೋಡಿ. 9 ವೋಲ್ಟ್ ಎಸಿ ಬೇಡುವ ಎಫೆಕ್ಟ್ಸ್ ಯೂನಿಟ್‌ಗಳು ಸಾಕಷ್ಟಿವೆ.

ಯೋಚಿಸಬೇಕಾದ್ದು ‘ಎಸಿ 100 ವೋಲ್ಟ್’ ಎಂದಷ್ಟೇ ಬರೆದಿರುವ ಜಪಾನಿನ ಹಳೆಯ ಯಂತ್ರಗಳ ವಿಷಯದಲ್ಲಿ. ಅವುಗಳೊಳಗೆ ಸಾಮಾನ್ಯವಾಗಿ ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್, ಅದರಾಚೆ 7805ರಂಥ ಲೀನಿಯರ್ ರೆಗ್ಯುಲೇಟರ್ (ಹೆಚ್ಚಿನ ವೋಲ್ಟೇಜನ್ನು ಶಾಖವಾಗಿಸಿ ಸ್ಥಿರ ವೋಲ್ಟೇಜ್ ಕೊಡುವ ಚಿಪ್) ಇರುತ್ತವೆ. ‘110 ವೋಲ್ಟ್ ಕನ್ವರ್ಟರ್ ಸಾಕು’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಂಥವು ಲೋಡ್ ಕಡಿಮೆಯಿದ್ದಾಗ 120ರ ಹತ್ತಿರಕ್ಕೂ ಏರುತ್ತವೆ. ರೆಗ್ಯುಲೇಟರಿಗೆ 10 ವೋಲ್ಟ್ ಬಂದು 5 ವೋಲ್ಟ್ ಹೊರಗೆ ಹೋಗುತ್ತಿದ್ದರೆ, 1 ಆಂಪಿಯರಿಗೆ 5 ವಾಟ್ ಶಾಖ. ಲೈನ್ 100ರಿಂದ 120ಕ್ಕೆ ಏರಿದರೆ ಆ 10 ವೋಲ್ಟ್ ಸುಮಾರು 12 ಆಗುತ್ತದೆ, ಶಾಖ 7 ವಾಟ್ ಆಗುತ್ತದೆ. ವೋಲ್ಟೇಜ್ ಏರಿದ್ದು ಶೇ. 20, ಶಾಖ ಏರಿದ್ದು ಶೇ. 40. ಯಂತ್ರ ಅಂದೇ ಕೆಡುವುದಿಲ್ಲ, ಅದಕ್ಕೇ ಜನ ಮೋಸಹೋಗುತ್ತಾರೆ. ಹೀಟ್‌ಸಿಂಕ್ ಪಕ್ಕದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ನಿಧಾನವಾಗಿ ಒಣಗಿ, ಕೊನೆಗೆ ಗುಂಯ್ ಸದ್ದು ಶುರುವಾಗುತ್ತದೆ. ಇದಕ್ಕೆ ಉಲ್ಟಾ, ಅಮೆರಿಕದ 120 ವೋಲ್ಟ್ ಯಂತ್ರಕ್ಕೆ 100 ಕೊಟ್ಟರೆ ರೆಗ್ಯುಲೇಟರಿಗೆ ಬೇಕಾದಷ್ಟು ವೋಲ್ಟೇಜ್ ಸಿಗದೆ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಆಡಿಯೊದೊಳಗೆ ನುಗ್ಗಬಹುದು. ಆದ್ದರಿಂದ 100, 120 ಎರಡೂ ಟ್ಯಾಪ್ (ಔಟ್‌ಪುಟ್ ತುದಿ) ಇರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನೇ ಬಳಸುತ್ತೇನೆ. ಯಂತ್ರ ಸಿಕ್ಕಿಸುವ ಮೊದಲು ಒಂದು ಸಲ, ಆನ್ ಆದಮೇಲೆ ಇನ್ನೊಂದು ಸಲ ಮಲ್ಟಿಮೀಟರಿನಲ್ಲಿ ಅಳೆಯುತ್ತೇನೆ.

ಟ್ರಾನ್ಸ್‌ಫಾರ್ಮರಿನ ಗಾತ್ರಕ್ಕೆ ಲೆಕ್ಕ ಸುಲಭ: ಪಟ್ಟಿಯಲ್ಲಿರುವ ವಾಟ್‌ನ ಎರಡೂವರೆ ಪಟ್ಟು ವಿಎ (ವೋಲ್ಟ್-ಆಂಪಿಯರ್, ಅದರ ಸಾಮರ್ಥ್ಯದ ಅಳತೆ). 30 ವಾಟ್ ಸಿಂಥ್‌ಗೆ 75 ವಿಎ ಧಾರಾಳ. ದೊಡ್ಡ ಟೊರಾಯ್ಡ್ (ಬಳೆಯಾಕಾರದ ಕೋರಿನ ಟ್ರಾನ್ಸ್‌ಫಾರ್ಮರ್) ಆನ್ ಆಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಎಂಸಿಬಿಯೇ ಬೀಳಬಹುದು. ಆಟೋ ಟ್ರಾನ್ಸ್‌ಫಾರ್ಮರ್ ಹಗುರ, ಅಗ್ಗ ನಿಜ. ಆದರೆ ಅದರ ಎರಡೂ ಕಡೆಗೆ ಒಂದೇ ವೈಂಡಿಂಗ್ (ತಂತಿಸುರುಳಿ) ಇರುವುದರಿಂದ, ನ್ಯೂಟ್ರಲ್ ಕಡೆಯ ಭಾಗ ತುಂಡಾದರೆ 230 ವೋಲ್ಟ್ ಪೂರ್ತಿ ಯಂತ್ರಕ್ಕೆ ಹೋಗುತ್ತದೆ. ಬೆಲೆಬಾಳುವ ಸಿಂಥ್‌ಗೆ ಎರಡು ಪ್ರತ್ಯೇಕ ವೈಂಡಿಂಗ್‌ನ ಐಸೊಲೇಷನ್ ಮಾದರಿಯೇ ಬೇಕು. ಹೇರ್ ಡ್ರೈಯರ್‌ಗೆಂದು ಮಾರುವ ಅಂಗೈಯಗಲದ ಟ್ರಾವೆಲ್ ಕನ್ವರ್ಟರ್ ಖಂಡಿತ ಬೇಡ. ಅದು ಅಲೆಯನ್ನು ಕತ್ತರಿಸಿ ಕೊಡುತ್ತದೆ, ಅಲೆಯ ತುದಿ 230ರದ್ದೇ ಆಗಿ ಉಳಿಯಬಹುದು.

ಕೆಲವು ಯಂತ್ರಗಳ ಟ್ರಾನ್ಸ್‌ಫಾರ್ಮರಿನಲ್ಲಿ 115 ವೋಲ್ಟಿನ ಎರಡು ಪ್ರೈಮರಿ (ಲೈನಿಗೆ ಸೇರುವ ವೈಂಡಿಂಗ್) ಇರುತ್ತವೆ; ಅವುಗಳ ಜೋಡಣೆ ಬದಲಿಸಿ ಯಂತ್ರವನ್ನು ನೇರ 230ಕ್ಕೆ ಒಗ್ಗಿಸಬಹುದು. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಅದನ್ನು ಖಚಿತಪಡಿಸಿಕೊಂಡೇ ಮುಂದುವರಿಯಬೇಕು. 115ಕ್ಕೆ ಅವು ಪ್ಯಾರಲಲ್, 230ಕ್ಕೆ ಸೀರೀಸ್. ಸೀರೀಸ್‌ನಲ್ಲಿ ಒಂದರ ತುದಿ ಅದಲುಬದಲಾದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕಿ ಕರೆಂಟ್ ವಿಪರೀತ ಏರುತ್ತದೆ. ಹಾಗಾಗಿ ಮೊದಲ ಸಲ ಆನ್ ಮಾಡುವಾಗ ಲೈನಿಗೆ ಸೀರೀಸ್‌ನಲ್ಲಿ 60 ವಾಟಿನ ಫಿಲಮೆಂಟ್ ಬಲ್ಬ್ ಹಾಕುತ್ತೇನೆ. ಕ್ಷಣ ಹೊತ್ತಿ ಮಂಕಾದರೆ ಸರಿ. ಪ್ರಖರವಾಗಿಯೇ ಉರಿದರೆ ತಕ್ಷಣ ಆಫ್. ಫ್ಯೂಸ್ ಅರ್ಧಕ್ಕಿಳಿಸಬೇಕು: 1 ಆಂಪಿಯರ್ ಸ್ಲೋ ಬ್ಲೋ (ಕ್ಷಣದ ಏರಿಕೆಯನ್ನು ತಾಳುವ ಬಗೆ) ಇದ್ದಲ್ಲಿ 500 ಮಿಲಿಆಂಪಿಯರ್ ಸ್ಲೋ ಬ್ಲೋ. ಬಹಳ ಜನ ಮರೆಯುವುದು ಟ್ರಾನ್ಸ್‌ಫಾರ್ಮರಿಗಿಂತ ಮುಂಚೆ ಇರುವ ಬಿಡಿಭಾಗಗಳನ್ನು. 130 ವೋಲ್ಟಿನ ವ್ಯಾರಿಸ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಭಾಗ), 125 ವೋಲ್ಟಿನ ಫಿಲ್ಟರ್ ಕೆಪಾಸಿಟರ್ ಹಾಗೇ ಉಳಿದರೆ ಸಿಡಿಯುತ್ತವೆ. 275 ವೋಲ್ಟ್ ಎಸಿಯವು, ಕೆಪಾಸಿಟರ್ ಎಕ್ಸ್2 ದರ್ಜೆಯದು (ಮೇನ್ಸ್‌ಗೆ ಅಡ್ಡಲಾಗಿ ಹಾಕಲು ತಕ್ಕ ಸುರಕ್ಷತಾ ದರ್ಜೆ) ಹಾಕಿ. ಮೇನ್ಸ್ ವೈರಿಂಗ್‌ನಲ್ಲಿ ಕೈ ಪಳಗದವರು ಈ ಕೆಲಸವನ್ನು ಟೆಕ್ನಿಷಿಯನ್‌ಗೇ ಬಿಡಬೇಕು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಬದಲಿಸುತ್ತದೆ, ಹರ್ಟ್ಸ್ ಅನ್ನಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸ್‌ನಲ್ಲಿ ಅದೇ 120 ವೋಲ್ಟ್ ಕೊಟ್ಟರೆ ಕೋರಿನ ಫ್ಲಕ್ಸ್ (ಕಾಂತಪ್ರವಾಹ) ಶೇ. 20 ಹೆಚ್ಚಾಗಿ, ಅದು ಬಿಸಿಯಾಗಿ ಗುಂಯ್‌ಗುಡುತ್ತದೆ. ಜಪಾನಿನ ಪೂರ್ವಭಾಗ 50, ಪಶ್ಚಿಮಭಾಗ 60 ಹರ್ಟ್ಸ್‌ನಲ್ಲಿ ನಡೆಯುವುದರಿಂದ ಅಲ್ಲಿನ ಯಂತ್ರಗಳ ಮೇಲೆ ಹೆಚ್ಚಾಗಿ ‘50/60’ ಎಂದೇ ಇರುತ್ತದೆ. ಆದರೆ ಅಮೆರಿಕದ ಹ್ಯಾಮಂಡ್ ಟೋನ್‌ವೀಲ್ (ತಿರುಗುವ ಚಕ್ರಗಳಿಂದ ಸ್ವರ ಹುಟ್ಟಿಸುವ) ಆರ್ಗನ್ನಿನ ಸಿಂಕ್ರೊನಸ್ ಮೋಟಾರ್ ಲೈನಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುತ್ತದೆ. ನಮ್ಮ ಲೈನಿನ 50 ಹರ್ಟ್ಸ್‌ನಲ್ಲಿ ಶ್ರುತಿ ಮೂರು ಸೆಮಿಟೋನ್‌ಗಿಂತ (ಅರ್ಧಸ್ವರ) ತುಸು ಹೆಚ್ಚೇ ಇಳಿಯುತ್ತದೆ. ಅದಕ್ಕೆ 60 ಹರ್ಟ್ಸ್ ಕೊಡುವ ಫ್ರೀಕ್ವೆನ್ಸಿ ಕನ್ವರ್ಟರ್ ಬೇಕೇ ಬೇಕು.