ಮಳೆಗಾಲದಲ್ಲೂ ಹೂ ಬಿಡುವ ಚಟ್ಟಿ ತೋಟ: ಕರಾವಳಿಯ ಜೇನು, ಚಿಟ್ಟೆಗಳಿಗಾಗಿ

ಉಡುಪಿ, ಮಂಗಳೂರಿನ ತಾರಸಿಗಳಲ್ಲಿ ಚಟ್ಟಿಗಿಡಗಳಿಗೆ ಕೊರತೆಯಿಲ್ಲ. ಆದರೂ ಅಲ್ಲಿ ಜೇನಿಗೆ ಸಿಗುವ ಆಹಾರ ಬಹಳ ಕಡಿಮೆ. ಶಂಕರಪುರ ಮಲ್ಲಿಗೆಯನ್ನು ಅರಳುವ ಮೊದಲೇ ಮೊಗ್ಗಿನಲ್ಲಿ ಕೊಯ್ಯುತ್ತೇವೆ. ಸುತ್ತುದಳದ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ, ಹಾಗಾಗಿ ಪರಾಗ ಕಡಿಮೆ, ಮಕರಂದದ ದಾರಿಯೂ ಇಕ್ಕಟ್ಟು. ಕ್ರೋಟನ್ ಇಡುವುದು ಎಲೆಯ ಚಂದಕ್ಕೆ. ಇವನ್ನೇನೂ ಕಿತ್ತು ಹಾಕಬೇಕಿಲ್ಲ. ಪಕ್ಕದಲ್ಲಿ ಎಂಟು-ಹತ್ತು ಚಟ್ಟಿ ಬೇರೆ ಗಿಡ ಇಟ್ಟರೆ ಸಾಕು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಬಾಲ್ಕನಿಯಾದರೂ ಆದೀತು.

ಗಿಡ ಆರಿಸುವಾಗ ಮೊದಲು ಯೋಚಿಸಬೇಕಾದದ್ದು ಮಳೆಗಾಲವನ್ನು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೇನಿಗೆ ಹಸಿವಿನ ಕಾಲ ಅದು. ಜೇನು ಸಾಕುವವರು ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುವುದೂ ಆಗಲೇ. ಫೆಬ್ರವರಿಯಲ್ಲಿ ಬಣ್ಣ ತುಂಬಿ ಜುಲೈಯಲ್ಲಿ ಕೊಳೆಯುವ ತೋಟದಿಂದ ಅವಕ್ಕೆ ಅರ್ಧ ಉಪಕಾರ ಮಾತ್ರ.

ಮಣ್ಣು, ಚಟ್ಟಿ

12 ಇಂಚಿನ ಗ್ರೋಬ್ಯಾಗಿಗೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದರ ತೂಕ 25 ಕಿಲೋ ಆಸುಪಾಸು. ಬಾಲ್ಕನಿಯಲ್ಲಿ ಭಾರವನ್ನೆಲ್ಲ ಕೈಗಂಬಿಯ ಅಂಚಿಗೆ ಪೇರಿಸದೆ ಮನೆಯ ಗೋಡೆಯ ಬದಿಗೆ ಇಡಿ.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ಹೊಳೆಯ ಹೊಯಿಗೆ (ಮರಳು), ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ. ಕಡಲ ಹೊಯಿಗೆ ಬೇಡ, ಉಪ್ಪು ಬೇರನ್ನು ಸುಡುತ್ತದೆ. ನಾರಿನ ಪುಡಿಯಲ್ಲೂ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ. ಮಳೆಗೆ ನೇರ ಒಡ್ಡುವ ಚಟ್ಟಿಯಾದರೆ ನಾರಿನ ಪುಡಿಯನ್ನು ಅರ್ಧಕ್ಕೆ ಇಳಿಸಿ ಅಷ್ಟೇ ಹೊಯಿಗೆ ಸೇರಿಸಿ. ಮನೆಯಲ್ಲಿ ಸುಡುಮಣ್ಣು ಇದ್ದರೆ ಚಟ್ಟಿಗೆ ಎರಡು ಹಿಡಿ ಹಾಕಿ.

ನಮ್ಮ ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ತುಳಸಿ, ಬದನೆಗೆ ಚಟ್ಟಿಗೊಂದು ಹಿಡಿ ಡೋಲೊಮೈಟ್ ಸುಣ್ಣದ ಪುಡಿ ಹಾಕಿದರೆ ಒಳ್ಳೆಯದು. ಕೇಪಳಕ್ಕೆ (ಇಕ್ಸೋರಾ) ಮಾತ್ರ ಹಾಕಬೇಡಿ. ಸುಣ್ಣ ಹೆಚ್ಚಾದರೆ ಅದಕ್ಕೆ ಕಬ್ಬಿಣದ ಅಂಶ ಸಿಗದೆ, ಚಿಗುರೆಲೆಯ ನರ ಹಸಿರಾಗಿದ್ದು ನಡುಭಾಗ ಹಳದಿಯಾಗುತ್ತದೆ. ಹೊಸ ಸಿಮೆಂಟ್ ಚಟ್ಟಿಯಲ್ಲಿ ಕೇಪಳ ಸೊರಗುವುದಕ್ಕೂ ಇದೇ ಕಾರಣ.

ಚಟ್ಟಿಯ ಅಡಿಯಲ್ಲಿ ಬೆರಳು ತೂರುವಷ್ಟು ಅಗಲದ ಐದಾರು ತೂತು ಇರಲಿ. ಇಟ್ಟಿಗೆ ತುಂಡುಗಳ ಮೇಲೆ ಎತ್ತಿಡಿ. ಅಡಿತಟ್ಟೆಗಳನ್ನು ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ತೆಗೆದುಬಿಡಿ. ಅಲ್ಲಿ ನಿಂತ ನೀರಿನಲ್ಲಿ ಬೇರೂ ಕೊಳೆಯುತ್ತದೆ, ಡೆಂಗಿ ಸೊಳ್ಳೆಯೂ ಹುಟ್ಟುತ್ತದೆ.

ಯಾರಿಗೆ ಯಾವ ಹೂ

ತುಡುವೆ ಜೇನು, ಚುಚ್ಚದ ಪುಟ್ಟ ಜೇನಾದ ಮುಜಂಟಿಯಂಥ ಸಣ್ಣ ಬಾಯಿಯವಕ್ಕೆ ಆಳವಿಲ್ಲದ ಹೂ ಬೇಕು. ಇವಕ್ಕೆ ಕಾಮಕಸ್ತೂರಿಗಿಂತ ಒಳ್ಳೆಯ ಚಟ್ಟಿಗಿಡ ಬೇರೆ ಕಾಣೆ. ಬಿತ್ತಿದ ಎರಡು ತಿಂಗಳೊಳಗೆ ಹೂ ಬರುತ್ತದೆ. ಮೂರು ಚಟ್ಟಿ ಒಟ್ಟಿಗೆ ಇಡಿ, ಏಕೆಂದರೆ ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವನ್ನು ಹುಡುಕುತ್ತದೆ. ಹೂ ಮುಗಿದ ಕದಿರುಗಳನ್ನು ಒಂದೊಂದೇ ಚಟ್ಟಿಯಂತೆ ಸರದಿಯಲ್ಲಿ ಕತ್ತರಿಸಿದರೆ, ಒಂದಲ್ಲ ಒಂದು ಹೂವಿನಲ್ಲಿರುತ್ತದೆ. ತುಳಸಿಯೂ ಹೀಗೆಯೇ. ಕಟ್ಟೆಯ ತುಳಸಿಯ ಕದಿರು ಚಿವುಟಿದರೂ ಇನ್ನೊಂದನ್ನು ಚಟ್ಟಿಯಲ್ಲಿ ಹೂ ಬಿಡಲು ಬಿಡಿ. ಒಂಟಿದಳದ ಹತ್ತು ಗಂಟೆ ಹೂ ಅಗಲ ತೊಟ್ಟಿಯಲ್ಲಿ ಜನವರಿಯಿಂದ ಮೇ ತನಕ ಮುಜಂಟಿಗಳನ್ನು ಕರೆಯುತ್ತದೆ. ಮಳೆಯಲ್ಲಿ ಅದು ಕೊಳೆಯುವುದು ಖಚಿತ, ಆದ್ದರಿಂದ ನಾಲ್ಕು ಕಡ್ಡಿ ಮಾಡಿನ ಅಡಿಗೆ ಇಟ್ಟು ಉಳಿಸಿಕೊಳ್ಳಿ.

ಮಳೆಗಾಲದ ಮುಖ್ಯ ಗಿಡ ರಥಪುಷ್ಪ. ಅದರ ಕೆಂಪು ಗೋಪುರಕ್ಕೆ ದೊಡ್ಡ ಚಿಟ್ಟೆಗಳು ಮಳೆ ಬಿಟ್ಟ ಹತ್ತು ನಿಮಿಷದಲ್ಲೂ ಬರುತ್ತವೆ. ಬೇರಿನಿಂದ ಎದ್ದ ಮರಿಯನ್ನು ಮೇ ಕೊನೆಗೆ ತಂದು 15 ಇಂಚಿನ ಚಟ್ಟಿಯಲ್ಲಿ ನೆಡಿ. ನೆಲದಲ್ಲಿ ನೆಟ್ಟರೆ ಅಂಗಳವೆಲ್ಲ ಹಬ್ಬುವ ಈ ಗಿಡ ಚಟ್ಟಿಯಲ್ಲಿ ಹದ್ದುಬಸ್ತಿನಲ್ಲಿರುತ್ತದೆ. ಕೇಪಳದ ಉದ್ದ ಕೊಳವೆಯೂ ಚಿಟ್ಟೆ, ಸೂರಕ್ಕಿಗಳದ್ದೇ. ಜೇನಿಗೆ ಆ ತಿಂಗಳುಗಳಲ್ಲಿ ಟರ್ನೆರಾ ಎಂಬ ಪುಟ್ಟ ಹೂಗಿಡ ಮತ್ತು ಒಂಟಿದಳದ ಗೌರಿಹೂ (ಬಾಲ್ಸಮ್) ಇರಲಿ. ಟರ್ನೆರಾ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುವುದರಿಂದ ಅದನ್ನು ಪೂರ್ವದ ಬಿಸಿಲು ಬೀಳುವಲ್ಲಿಡಿ. ಕಾಮಕಸ್ತೂರಿಯನ್ನು ಜೂನ್‌ನಲ್ಲಿ ಮಾಡಿನ ಅಂಚಿಗೆ ಸರಿಸಿ, ಬೆಳಕು ಬೀಳಬೇಕು, ಹನಿ ಬೀಳಬಾರದು.

ತರಕಾರಿಯನ್ನೂ ಮರೆಯಬೇಡಿ. ಮಟ್ಟುಗುಳ್ಳ ಬದನೆಯ ಒಂದು ಗಿಡಕ್ಕೆ 15 ಇಂಚಿನ ಚಟ್ಟಿ ಸಾಕು. ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕಾದರೆ ಹೂವನ್ನು ಗುಂಯ್ ಎಂದು ಅದುರಿಸುವ ಕೀಟ ಬೇಕು. ತುಡುವೆಗೆ ಅದು ಬರುವುದಿಲ್ಲ. ಮರ ಕೊರೆಯುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಜೇನು ಮಾಡಬಲ್ಲವು. ಆದರೆ ಬದನೆ ಹೂವಿನಲ್ಲಿ ಮಕರಂದವಿಲ್ಲ, ಹಾಗಾಗಿ ಪಕ್ಕದಲ್ಲೇ ಕಾಮಕಸ್ತೂರಿ ಇದ್ದರೆ ಅವು ಎರಡಕ್ಕೂ ಬರುತ್ತವೆ.

ಎಲೆ ತಿನ್ನುವವರಿಗೂ ಪಾಲು

ಮಕರಂದಕ್ಕೆ ಬರುವ ಚಿಟ್ಟೆ ಮೊಟ್ಟೆ ಇಡಲು ಬೇರೆ ಗಿಡ ಹುಡುಕುತ್ತದೆ. ಚಟ್ಟಿಯಲ್ಲಿ ಬೆಳೆದ ಕರಿಬೇವು, ನಿಂಬೆಯ ಚಿಗುರಿನಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಸಿಕ್ಕರೆ ಬಿಟ್ಟುಬಿಡಿ. ಅಡುಗೆಗೊಂದು ಕರಿಬೇವು, ಹುಳಕ್ಕೊಂದು ಇಟ್ಟುಕೊಂಡರೆ ಮನೆಯಲ್ಲಿ ತಕರಾರು ಏಳುವುದಿಲ್ಲ.

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ ಬೇಕು. 15 ಇಂಚಿನ ಚಟ್ಟಿ, ಆರಡಿ ಎತ್ತರದ ಹಂದರ ಕೊಡಿ. ನರ್ಸರಿಯಲ್ಲಿ ಅದೇ ಜಾತಿಯ, ಕಂದು ಚುಕ್ಕೆಯ ದೊಡ್ಡ ಹೂ ಬಿಡುವ ವಿದೇಶಿ ಬಳ್ಳಿ ಕೊಟ್ಟರೆ ತರಬೇಡಿ. ಚಿಟ್ಟೆ ಮೋಸಹೋಗಿ ಅದರ ಮೇಲೆ ಮೊಟ್ಟೆಯಿಡುತ್ತದೆ, ಎಲೆ ತಿಂದ ಮರಿಗಳು ಸಾಯುತ್ತವೆ. ಈಶ್ವರಿ ಬಳ್ಳಿಯನ್ನು ಮದ್ದೆಂದು ನೀವು ಸೇವಿಸಲೂ ಬೇಡಿ, ಅದರ ಅಂಶ ಮೂತ್ರಪಿಂಡಕ್ಕೆ ವಿಷ.

ತಪ್ಪುವುದು ಎಲ್ಲಿ

ನರ್ಸರಿಯ ಗಿಡಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ವಿಷ ಹಾಕಿದ್ದರೆ ಅದು ಬೇರಿನಿಂದ ಹೀರಿ ಪರಾಗ, ಮಕರಂದಕ್ಕೂ ಇಳಿಯುತ್ತದೆ. ಕೇಳಿ ತನ್ನಿ. ಗೊತ್ತಾಗದಿದ್ದರೆ ಬೀಜ ಅಥವಾ ನೆರೆಮನೆಯ ಗೆಲ್ಲಿನಿಂದ ಶುರುಮಾಡುವುದೇ ಕ್ಷೇಮ.

ಹಿಟ್ಟುತಿಗಣೆ ಬಂದರೆ ಮೊದಲು ನೀರಿನ ರಭಸದಿಂದ ತೊಳೆಯಿರಿ, ಅವನ್ನು ಹೊತ್ತು ತರುವ ಇರುವೆಯ ದಾರಿ ಮುರಿಯಿರಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕದಡಲು ಸ್ವಲ್ಪ ಸಾಬೂನು ದ್ರಾವಣ ಸೇರಿಸಿ, ಸಂಜೆ ಜೇನು ಮರಳಿದ ಮೇಲೆ ಸಿಂಪಡಿಸಿ. ಕರಿಬೇವು, ಈಶ್ವರಿ ಬಳ್ಳಿಗೆ ಅದೂ ಬೇಡ. ಎಲೆಯ ಅಂಚಿನಲ್ಲಿ ಬಳೆಯಿಂದ ಅಳೆದಂತೆ ದುಂಡಗೆ ಕತ್ತರಿಸಿದ ಗುರುತಿದ್ದರೆ ಅದು ರೋಗವಲ್ಲ, ಎಲೆಕತ್ತರಿ ಜೇನು ಗೂಡಿಗೆ ಒಯ್ದದ್ದು.

ಮಳೆಗಾಲದ ರಾತ್ರಿ ಆಫ್ರಿಕನ್ ಬಸವನಹುಳ ಚಿಗುರನ್ನೆಲ್ಲ ತೀರಿಸುತ್ತದೆ. ಚಟ್ಟಿಗೆ ಉಪ್ಪು ಎರಚಿದರೆ ಗಿಡವೇ ಸಾಯುತ್ತದೆ. ಟಾರ್ಚ್ ಹಿಡಿದು, ಕೈಗೆ ಗವಸು ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ.

ಏಪ್ರಿಲ್, ಮೇಯಲ್ಲಿ ಅಗಲ ತಟ್ಟೆಯಲ್ಲಿ ಕಲ್ಲು ಜೋಡಿಸಿ, ಕಲ್ಲಿನ ನೆತ್ತಿ ಒಣಗಿರುವಷ್ಟೇ ನೀರಿಡಿ, ಇಲ್ಲದಿದ್ದರೆ ಜೇನು ಮುಳುಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ಮುರಕಲ್ಲಿನ ಗೋಡೆಯ ಸಂದಿನಲ್ಲೋ ಮೀಟರ್ ಪೆಟ್ಟಿಗೆಯಲ್ಲೋ ಮೇಣದ ಸಣ್ಣ ಕೊಳವೆ ಹೊರಬಂದಿದ್ದರೆ ಅದು ಮುಜಂಟಿಯ ಬಾಗಿಲು. ಇವಕ್ಕೆ ಚುಚ್ಚುವ ಮುಳ್ಳಿಲ್ಲ, ಹಾರಾಟ ಕೆಲವು ನೂರು ಮೀಟರ್ ಮಾತ್ರ. ಬಣ್ಣ ಬಳಿಯುವವರಿಗೆ, ಗಾರೆಯವರಿಗೆ ಅದನ್ನು ಮುಚ್ಚದಂತೆ ಮೊದಲೇ ಹೇಳಿ. ಪೆಟ್ಟಿಗೆ ತೆರೆಯಲೇಬೇಕಾಗಿ ಬಂದರೆ ಜೇನು ಸಾಕುವವರನ್ನು ಕರೆಸಿ, ಕತ್ತಲಾಗಿ ಎಲ್ಲವೂ ಗೂಡು ಸೇರಿದ ಮೇಲೆ ಸ್ಥಳಾಂತರಿಸಿ.