ಸಮೀಕ್ಷೆಯಲ್ಲಿ ರಾಗಿ, ಹೊಲದಲ್ಲಿ ಸೇವಂತಿಗೆ: ಹೂವಿನ ಪರಿಹಾರ ನನ್ನ ಕೈಗೆ ಬಂದ ಬಗೆ

2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು, ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಹಬ್ಬದ ರೇಟಿಗೆಂದೇ ದಿನ ಎಣಿಸಿ ನಾಟಿ ಮಾಡಿದ್ದ ಒಂದೂವರೆ ಎಕರೆ ಸೇವಂತಿಗೆ ಹೊಲದ ತುಂಬ ಹಳದಿಯಾಗಿ ನಿಂತಿತ್ತು. ಮಂಡಿ ಬಂದ್. ಸಸಿ, ಗೊಬ್ಬರ, ಔಷಧಿ, ಕೂಲಿ ಎಲ್ಲಾ ಸೇರಿ ಲಕ್ಷದ ಹತ್ತಿರ ಸುರಿದಿದ್ದೆ. ವಾರ ಕಾದು, ಸಿಟ್ಟಿಗೆ ಅರ್ಧಕ್ಕೆ ರೋಟವೇಟರ್ ಹೊಡೆಸಿಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ, ಒಂದು ಫೋಟೋ ಕೂಡ ತೆಗೆದಿರಲಿಲ್ಲ.

ಮೇ 6ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ಪರಿಹಾರದ ಪ್ಯಾಕೇಜ್ ಘೋಷಿಸಿದರು. ಹೂವಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರಿಗೆ ಮಾತ್ರ. ಅಂದರೆ ಗುಂಟೆಗೆ ಇನ್ನೂರೈವತ್ತು. ಹೋಗಿ ನೋಡಿದರೆ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ನನ್ನ ಸರ್ವೆ ನಂಬರಿಗೆ ರಾಗಿ! ಮುಂಗಾರಲ್ಲಿ ರಾಗಿ ಇದ್ದದ್ದು ನಿಜ. ಆಮೇಲೆ ಸಮೀಕ್ಷೆ ಮಾಡೋ ಪಿ.ಆರ್. (ಖಾಸಗಿ ನಿವಾಸಿ) ಹುಡುಗ ಹೊಲದ ಕಡೆ ತಲೆ ಹಾಕಿರಲಿಲ್ಲ. ಸಾಲದ್ದಕ್ಕೆ ಪಹಣಿ ಅಣ್ಣನದೂ ನನ್ನದೂ ಜಂಟಿ. "ಬಿಡಪ್ಪಾ, ಬರೋದು ನಾಕು ಕಾಸು, ಓಡಾಟಕ್ಕೇ ಖರ್ಚಾಗುತ್ತೆ" ಅಂತ ಅರಳಿಕಟ್ಟೆ ಮೇಲೆ ಕೂತವರೆಲ್ಲ ನಕ್ಕರು.

ಉಳಿದಿದ್ದ ಮುಕ್ಕಾಲು ಎಕರೆಯಲ್ಲಿ ಜಿಪಿಎಸ್ ಬೀಳುವ ಹಾಗೆ ಫೋಟೋ ತೆಗೆದೆ, ಬದುವಿನ ಕಲ್ಲು, ಬೋರ್‌ವೆಲ್ ಶೆಡ್ಡು ಕಾಣೋ ಹಾಗೆ. ಉತ್ತುಹೋದ ಅರ್ಧಕ್ಕೆ ಏನು ಪುರಾವೆ? ಯುಗಾದಿಗೆ ಮುಂಚೆ ಹೂ ಹಾಕಿದ್ದ ಮಂಡಿಯ ಬಿಳಿ ಚೀಟಿ (ಪಕ್ಕಾ ಬಿಲ್ಲಲ್ಲದ ಕೈಬರಹದ ಲೆಕ್ಕ), ಸಸಿ ತಂದ ನರ್ಸರಿ ಬಿಲ್ಲು. ಬಿಳಿ ಚೀಟಿಗೆ ಬೆಲೆಯಿಲ್ಲ ಅಂತಾರೆ, ನನಗೆ ಕೆಲಸಕ್ಕೆ ಬಂತು. ಹೇಗೆ ಜೋಡಿಸಿ ಕೊಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಅಣ್ಣನ ಒಪ್ಪಿಗೆ ಪತ್ರ ಛಾಪಾ ಕಾಗದದಲ್ಲಿ ಬರೆಸಿದೆ. ಆರೇಳು ಸಲ ಕಚೇರಿ ಮೆಟ್ಟಿಲು ಹತ್ತಿದೆ. ಪೆಟ್ರೋಲು, ಜೆರಾಕ್ಸು ಸೇರಿ ಸಾವಿರದ ಇನ್ನೂರು ಹೋಗಿರಬೇಕು.

ನಡುವೆ ಕಿತ್ತ ಹೂವನ್ನು ಮಾಳಿಗೆ ಮೇಲೆ ಒಣಗಿಸಿ ಮಾರೋಣ ಅಂತಲೂ ನೋಡಿದೆ. ಒಂದು ಮಳೆಗೆ ಕಪ್ಪಾಗಿ ಬೂಷ್ಟು ಹಿಡಿಯಿತು, ಹೆಂಡತಿ ಕೈಲಿ ಬೈಸಿಕೊಂಡಿದ್ದೇ ಲಾಭ. ಅದನ್ನೇ ಸಗಣಿ ಜೊತೆ ಗುಂಡಿಗೆ ಹಾಕಿದ್ದು ಮಾತ್ರ ಮುಂದಿನ ಟೊಮ್ಯಾಟೊಗೆ ಚೆನ್ನಾಗಿ ಹತ್ತಿತು.

ಕೊನೆಗೆ ಸ್ಟೇಟಸ್‌ನಲ್ಲಿ ಹಣ ಜಮೆ ಅಂತ ತೋರಿಸ್ತು, ಪಾಸ್‌ಬುಕ್ಕಿನಲ್ಲಿ ಸೊನ್ನೆ. ಮತ್ತೆರಡು ವಾರ ಅಲೆದಾಟ. ಆಮೇಲೆ ಹೊಳೀತು: ನಾನು ಕೊಟ್ಟ ಖಾತೆಗಲ್ಲ, ಆಧಾರ್ ಮ್ಯಾಪಿಂಗ್ ಆದ, ಅಂದರೆ ಆಧಾರ್ ನಂಬರಿಗೆ ಜೋಡಿಸಿದ ಖಾತೆಗೆ ಹಣ ಹೋಗೋದು. ಗ್ಯಾಸ್ ಸಬ್ಸಿಡಿಗೆಂದು ಎಂದೋ ತೆರೆದು ಮರೆತಿದ್ದ ಖಾತೆಯಲ್ಲಿ ಹದಿನೈದು ಸಾವಿರದ ಚಿಲ್ಲರೆ ತಣ್ಣಗೆ ಕೂತಿತ್ತು. ಅರ್ಜಿ ಹಾಕೋ ಮೊದಲೇ ಮ್ಯಾಪಿಂಗ್ ನೋಡಿಕೊಳ್ಳಿ, ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲಾ ಸರ್ವೆ ನಂಬರೂ ಸೇರಿಸಿ.

ಹಾಕಿದ ಬಂಡವಾಳಕ್ಕೆ ಆರನೇ ಒಂದು ಪಾಲೂ ಬರಲಿಲ್ಲ, ಸರಿ. ಆದರೆ 2021ರ ಮೇನಲ್ಲಿ ಮತ್ತೆ ಪರಿಹಾರ ಅಂದಾಗ (ಈ ಸಲ ಹೆಕ್ಟೇರಿಗೆ ಬರೀ 10,000) ನನ್ನ ಕಾಗದ ಎಲ್ಲಾ ಸಿದ್ಧವಿತ್ತು. ಆರು ಸಾವಿರ ಚಿಲ್ಲರೆ ಬಂತು, ಒಂದೇ ಓಡಾಟಕ್ಕೆ. ಕಟ್ಟೆ ಮೇಲೆ ನಕ್ಕವರಲ್ಲಿ ಮೂವರು ಆ ಸಲ ನನ್ನ ಬೈಕಿನ ಹಿಂದೆ ಕೂತು ಬಂದರು. ಅಣ್ಣ ಮಾತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಕೇಳಿದ, "ಹೋದ ವರ್ಷದ್ದರಲ್ಲಿ ನನ್ನ ಪಾಲೆಷ್ಟೋ?"